ಎಣ್ಣೆಮರಳಿನ ಮೇಲೆ ಹೆಜ್ಜೆ

ಬಳೆಗಳನ್ನು ತೆಗೆದಿಡಬೇಕೋ ಬೇಡವೋ ಎಂದು ಗೀತಾಂಜಲಿ ಆ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಹಸಿರು ಗಾಜಿನವು, ಎರಡೂ ಕೈಗೆ. ಪ್ರತಿ ವಾರ ಗಾಲ್ಫ್ ಆಟಕ್ಕೆ ಹೊರಡುವ ಮುಂಚೆ ಅವನ್ನು ಮೊಣಕೈಯ ಕಡೆಗೆ ಸರಿಸಿ, ಸದ್ದಾಗದಂತೆ ಕರ್ಚೀಫಿನಿಂದ ಬಿಗಿಯಾಗಿ ಕಟ್ಟಿಕೊಳ್ಳುವುದು ಅವಳ ಪದ್ಧತಿ. ಆಟ ಕಲಿಸಿದ ಗುರುಬಸವರಾಜರು ಮೊದಲ ದಿನವೇ ಹೇಳಿದ್ದರು: ಇನ್ನೊಬ್ಬರು ಹೊಡೆಯಲು ನಿಂತಾಗ ಮಾತಾಡಬಾರದು, ಅಲುಗಾಡಬಾರದು, ಕೆಮ್ಮು ಬಂದರೆ ದೂರ ಹೋಗಿ ಕೆಮ್ಮಬೇಕು. ಬಳೆಯ ಮಾತನ್ನು ಅವರು ಎತ್ತಿರಲಿಲ್ಲ. ಅವರ ಕಣ್ಣು ಮಾತ್ರ ಒಮ್ಮೆ ಅವಳ ಕೈಯ ಮೇಲೆ ಬಂದು ಹೋಗಿತ್ತು. ಅವಳಿಗೆ ಅಷ್ಟು ಸಾಕಾಗಿತ್ತು. ಯಾರ ಕಣ್ಣು ಎಲ್ಲಿ ಬಂದು ಹೋಯಿತು ಎಂದು ಗಮನಿಸುವುದರಲ್ಲೇ ಬೆಳೆದವಳು, ಅದರಲ್ಲೇ ಬಿಎ ಓದಿದವಳು, ಅದರಲ್ಲೇ ಸಂಸಾರ ನಡೆಸಿದವಳು. ಇವತ್ತು ಕರ್ಚೀಫನ್ನು ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ಹೊರಗೆ ಪ್ರವೀಣಕುಮಾರ್ ಕಾರಿನ ಹಾರನ್ ಒತ್ತಿದ. ಅವನು ಅವಳನ್ನು ಕರೆಯುವುದು ಹಾಗೆ. ಅವನನ್ನು ಕರೆಯಬೇಕಾದಾಗ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಬಳೆ ಅಲುಗಿಸುತ್ತಾಳೆ. ಮದುವೆಯಾದಾಗಿನಿಂದ ಅವರಿಬ್ಬರ ನಡುವೆ ಅದೇ ನಡೆದು ಬಂದಿತ್ತು. ಮನೆ ತುಂಬಾ ಜನವಿದ್ದರೂ ಆ ಸದ್ದು ಅವನ ಕಿವಿಗೆ ಮಾತ್ರ ಹೋಗಿ ತಾಕುತ್ತಿತ್ತು. ಹೋದ ಭಾನುವಾರ ಅವಳು ಹೊಡೆದ ಚೆಂಡು, ಮೈದಾನದಲ್ಲಿ ಮರಳು ಎಳೆದು ನಯ ಮಾಡುವ ಅಂಜಿನಕ್ಕನ ಕಿವಿಯ ಹಿಂದೆ ಬಡಿದಿತ್ತು. ಚೆಂಡು ಹಾರಿ ಹೋಗುವಾಗ ಗೀತಾಂಜಲಿ ಎಚ್ಚರಿಸಿ ಕೂಗಿದಳು ಎಂದು ಎಲ್ಲರೂ ಹೇಳುತ್ತಿದ್ದರು. ಕೂಗಿರಲಿಲ್ಲವೆಂದು ಅವಳೊಬ್ಬಳಿಗೆ ಗೊತ್ತಿತ್ತು. ವಾರ ಕಳೆಯುವಷ್ಟರಲ್ಲಿ ಆ ಖಾತ್ರಿಯೂ ಗಟ್ಟಿಯಾಗಿ ಉಳಿದಿರಲಿಲ್ಲ.

ಕಾರು ಕೊಟ್ಟೂರು ದಾಟಿ ಕೂಡ್ಲಿಗಿಯ ರಸ್ತೆಗೆ ಬಿದ್ದಾಗ ಪಡುವಣದ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ಕಾಣತೊಡಗಿದವು. ನಿದ್ದೆಯಲ್ಲಿ ಯಾರೋ ಕೈ ಬೀಸಿ ನೊಣ ಓಡಿಸುವ ಹಾಗೆ, ಒಂದಕ್ಕೊಂದು ಸಂಬಂಧವಿಲ್ಲದ ಲಯದಲ್ಲಿ, ರೆಕ್ಕೆಗಳು ತಿರುಗುತ್ತಿದ್ದವು. ಅವನ್ನು ನೋಡುತ್ತ ಕೂತರೆ ಅವಳಿಗೆ ತಾನು ಕೂತಿರುವ ಕಾರು ನಿಂತಿದೆ, ಭೂಮಿಯೇ ಸರಿಯುತ್ತಿದೆ ಅನ್ನಿಸುತ್ತಿತ್ತು. "ಇನ್ನೂ ಅದನ್ನ ಹಿಡಕೊಂಡು ಕುಂತೀಯೇನಲೇ?" ಎಂದ ಪ್ರವೀಣಕುಮಾರ್. ಕೊಟ್ಟೂರಿನಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟವನು, ಯಾರ ಮನಸ್ಸಿನಲ್ಲಿ ಏನಿದೆ ಎಂದು ಮುಖ ನೋಡದೆಯೇ ಹೇಳಬಲ್ಲೆನೆಂದು ನಂಬಿದವನು. "ನೀ ಕೂಗಿದಿ, ಆಕಿಗೆ ಕೇಳ್ಸಿಲ್ಲ. ಅಲ್ಲಿಗೆ ಮುಗೀತು." ಅವಳು ಕಿಟಕಿಯ ಕಡೆ ಮುಖ ಮಾಡಿಯೇ ಕೇಳಿದಳು: "ನಿಮಗ ಕೇಳಿಸ್ತಾ?" "ಮತ್ತ? ಮಗ್ಗುಲ್ದಾಗ ಇದ್ನಲ್ಲ." "ಏನಂತ ಕೂಗಿದೆ?" ಅವನು ನಕ್ಕ. "ಏನಂತ ಅಂದ್ರ? ಕೂಗಿದಿ. ನಿನ್ನ ದನಿ ನನಗ ಗೊತ್ತಾಗಲ್ಲೇನು, ಇಷ್ಟು ವರ್ಷ ಆತು." ಆ ನಗುವಿನಲ್ಲಿ ಸುಳ್ಳಿರಲಿಲ್ಲ. ಅದೇ ಅವಳನ್ನು ಹೆದರಿಸಿದ್ದು. ಸುಳ್ಳಾಗಿದ್ದರೆ ಅದು ಎಲ್ಲಿಂದ ಶುರುವಾಯಿತು ಎಂದು ಹುಡುಕಬಹುದಿತ್ತು, ದಾರದ ತುದಿ ಹಿಡಿದು ಬಿಚ್ಚಬಹುದಿತ್ತು.

ಗುರುಬಸವರಾಜರು ದೂರದ ಯಾವುದೋ ಉಕ್ಕಿನ ಕಾರ್ಖಾನೆಯ ಊರಿನಲ್ಲಿ ಕೆಲಸ ಮಾಡಿ, ಅಲ್ಲಿ ಗಾಲ್ಫ್ ಕಲಿತು, ನಿವೃತ್ತರಾಗಿ ಬಂದು, ಹಿರಿಯರ ಕಾಲದಿಂದ ಸಜ್ಜೆಯನ್ನೂ ಸರಿಯಾಗಿ ಕೊಡದಿದ್ದ ಕಲ್ಲುಹೊಲದಲ್ಲಿ ಒಂಬತ್ತು ಕುಳಿ ತೋಡಿಸಿದ್ದರು. ಹುಲ್ಲು ಇಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಪ್ರತಿ ಕುಳಿಯ ಸುತ್ತ ದುಂಡಗೆ ಮರಳು ಹಾಸಿ, ಗ್ಯಾರೇಜಿನ ಸುಟ್ಟ ಎಣ್ಣೆ ಕಲೆಸಿ ಗಾಳಿಗೆ ಹಾರದಂತೆ ಮಾಡಿದ್ದರು. ಹಸಿರಿರುವ ಊರುಗಳಲ್ಲಿ ಆ ಜಾಗಕ್ಕೆ ಗ್ರೀನ್ ಅನ್ನುತ್ತಾರೆ, ನಮ್ಮದು ಬ್ರೌನು ಎಂದು ಹೇಳಿ ಅವರೇ ಮೊದಲು ನಗುತ್ತಿದ್ದರು. ಕುಳಿಯೊಳಗೆ ಒಂದು ತಗಡಿನ ಡಬ್ಬಿ. ಚೆಂಡು ಅದರೊಳಗೆ ಬಿದ್ದಾಗ ಬರುವ ಸದ್ದು, ಬಾವಿಗೆ ಕೊಡ ಮುಟ್ಟಿದ ಹಾಗೆ, ಗೀತಾಂಜಲಿಗೆ ಆ ಆಟದಲ್ಲಿ ಇಷ್ಟವಾದ ಒಂದೇ ಸದ್ದು. ಆದರೆ ಅವಳ ಚೆಂಡು ಅದನ್ನು ಮಾಡುವುದು ಅಪರೂಪ. ಕುಳಿಯ ಹತ್ತಿರ ಗೇಣುದ್ದ ದೂರಕ್ಕೆ ಬಂತೆಂದರೆ ಎದುರಾಳಿಗಳು "ಬಿಟ್ವಿ, ತಗೊಳ್ರಿ" ಎನ್ನುತ್ತಾರೆ. ಬಿಟ್ಟುಕೊಟ್ಟ ಮೇಲೆ ಹೊಡೆಯಬಾರದು, ಎತ್ತಿಕೊಳ್ಳಬೇಕು, ಅದು ಸಭ್ಯತೆ. ಅವಳು ಎತ್ತಿಕೊಂಡು ಥ್ಯಾಂಕ್ಸ್ ಅನ್ನುತ್ತಾಳೆ. ಡಬ್ಬಿ ಸುಮ್ಮನಿರುತ್ತದೆ.

ಆಟ ಬರದಿದ್ದರೂ ನಡತೆ ಬರಬೇಕು, ಇಲ್ಲಿ ಅಂಪೈರ್ ಇಲ್ಲ, ನಿಮ್ಮ ತಪ್ಪನ್ನು ನೀವೇ ಹೇಳಬೇಕು ಎಂಬುದು ಗುರುಬಸವರಾಜರ ಪಾಠ. ಅವರು ಹೇಳಿದ್ದನ್ನೆಲ್ಲ ಗೀತಾಂಜಲಿ ಎಲ್ಲರಿಗಿಂತ ಬೇಗ ಕಲಿತಳು. ಕಲಿತಳು ಅನ್ನುವುದಕ್ಕಿಂತ, ಹಳೆಯ ಪೆಟ್ಟಿಗೆಯಿಂದ ತೆಗೆದು ಉಟ್ಟುಕೊಂಡಳು. ಹೊಡೆಯುವವರ ಎದುರಿಗೆ ನಿಲ್ಲಬಾರದು. ಅವರ ಚೆಂಡಿನ ದಾರಿಯ ಮೇಲೆ ನಿಮ್ಮ ನೆರಳು ಬೀಳಬಾರದು. ಆ ದಾರಿಯನ್ನು ತುಳಿಯಬಾರದು, ಸುತ್ತಿ ಹೋಗಬೇಕು. ಕುಳಿಯಿಂದ ಯಾರು ದೂರವಿದ್ದಾರೋ ಅವರು ಮೊದಲು, ನಿಮ್ಮ ಸರದಿ ಬರುವ ತನಕ ತಾಳಬೇಕು. ಮರಳಿನಲ್ಲಿ ನಡೆದರೆ ಹಿಂದೆ ಬರುವವರಿಗಾಗಿ ನಿಮ್ಮ ಹೆಜ್ಜೆಯನ್ನು ನೀವೇ ಅಳಿಸಬೇಕು. ಇದನ್ನೆಲ್ಲ ಅವಳಿಗೆ ಕೋಗಳಿಯಲ್ಲಿ ಅಜ್ಜಿ ನಾಗಲಿಂಗಮ್ಮ ಯಾವ ಚೆಂಡೂ ಇಲ್ಲದೆ ಕಲಿಸಿದ್ದಳು. ಪಡಸಾಲೆಯಲ್ಲಿ ಗಂಡಸರು ಕೂತಾಗ ಬೆಳಕಿಗೆ ಅಡ್ಡ ನಿಲ್ಲಬೇಡ, ನೆಲ ಸಾರಿಸಿದ ಮೇಲೆ ಗೋಡೆ ಹಿಡಿದು ಹೋಗು. ಅಜ್ಜನನ್ನು ಊಟಕ್ಕೆ ಕರೆಯಬೇಕಾದರೆ ಬಾಗಿಲಿನಿಂದ ಕೂಗುವಂತಿಲ್ಲ. ಹುಡುಗಿ ಗೀತಾ ಊರ ನಡುವಿನ ಕಟ್ಟೆಯ ತನಕ ನಡೆದು ಹೋಗಿ, ಅಜ್ಜನ ಎದುರು ಅಲ್ಲ, ಓರೆಯಲ್ಲಿ, ಅವನು ಮಾತು ಮುಗಿಸಿ ತಿರುಗಿ ನೋಡುವ ತನಕ ನಿಂತಿರಬೇಕು. ಒಮ್ಮೆ ಊರಿನ ಹಳೆಯ ಬಸದಿಯೊಳಗೆ, ತಂಪು ಕತ್ತಲಲ್ಲಿ, ಯಾರೂ ಇಲ್ಲವೆಂದು ತನ್ನದೇ ಹೆಸರನ್ನು ಕೂಗಿಕೊಂಡಿದ್ದಳು. ಗೋಡೆಗಳು ಅದನ್ನು ದೊಡ್ಡದು ಮಾಡಿ ವಾಪಸು ಕೊಟ್ಟವು. ನೇರ ನಿಂತ ಕಲ್ಲಿನ ಮೂರ್ತಿ ಮಾತ್ರ ತುಟಿ ಬಿಚ್ಚಿರಲಿಲ್ಲ. ತನ್ನ ದನಿ ಅಷ್ಟು ದೊಡ್ಡದಿರಬಹುದೆಂದು ಅವಳಿಗೆ ನಾಚಿಕೆಯಾಗಿ ಓಡಿ ಬಂದಿದ್ದಳು. "ಗೀತಮ್ಮನ್ನ ನೋಡಿ ಕಲೀರಿ, ಮೈದಾನದಾಗ ಅದಾರ ಅನ್ನೂದ ಗೊತ್ತಾಗಲ್ಲ" ಎಂದು ಗುರುಬಸವರಾಜರು ಹೊಗಳಿದ ದಿನ ಅವಳು ರಾತ್ರಿಯ ಅಡುಗೆಗೆ ಹೋಳಿಗೆ ಮಾಡಿದ್ದಳು. ಅವರು ಹೇಳಿದ ನಿಯಮಗಳಲ್ಲಿ ಅಜ್ಜಿಯ ಪೆಟ್ಟಿಗೆಯಲ್ಲಿ ಇಲ್ಲದಿದ್ದದ್ದು ಒಂದೇ ಒಂದು. ಚೆಂಡು ಯಾರ ಮೇಲಾದರೂ ಬೀಳುವಂತಿದ್ದರೆ ಗಂಟಲು ಹರಿಯುವ ಹಾಗೆ ಕೂಗಬೇಕು. ಫೋರ್ ಅನ್ನುವುದು ಪದ್ಧತಿ. ಅದು ಬರದಿದ್ದರೆ ಏನು ಬಾಯಿಗೆ ಬರುತ್ತದೋ ಅದು.

ಹೋದ ಭಾನುವಾರದ ಆ ಹೊಡೆತ ಚೆನ್ನಾಗಿತ್ತು. ನೆನೆದಾಗಲೆಲ್ಲ ಅವಳನ್ನು ಎಲ್ಲಕ್ಕಿಂತ ಹೆಚ್ಚು ಕುಗ್ಗಿಸುತ್ತಿದ್ದುದು ಅದೇ. ಆರನೆಯ ಕುಳಿಗೆ ಹೊಡೆಯುವ ಕಟ್ಟೆಯ ಮೇಲೆ ನಿಂತು ಕೋಲು ಬೀಸಿದಾಗ ಕೈಗೆ ಏನೂ ತಾಗಿದಂತಾಗಲಿಲ್ಲ, ಬೆಣ್ಣೆಯಲ್ಲಿ ಬೆರಳು ಹೋದ ಹಾಗೆ. ಚೆಂಡು ಎದ್ದಿತು, ಬೆಳ್ಳಗೆ, ಗುಡ್ಡಕ್ಕಿಂತ ಮೇಲೆ, ಗಾಳಿಯಂತ್ರದ ರೆಕ್ಕೆಗಿಂತ ಮೇಲೆ. ಇದು ನನ್ನದು ಎಂದುಕೊಂಡಳು. ಆಮೇಲೆ ಅದು ಬಲಕ್ಕೆ ಬಾಗತೊಡಗಿತು. ಬಾಗುವುದನ್ನು ಕಂಡ ಮೇಲೂ ಅವಳೊಳಗಿನ ಖುಷಿ ಒಂದು ಗಳಿಗೆ ಹಾಗೇ ಇತ್ತು, ಕರೆಂಟ್ ಹೋದ ಮೇಲೂ ಫ್ಯಾನು ತಿರುಗುವ ಹಾಗೆ. ಬಲಕ್ಕೆ ಮೂರನೆಯ ಬ್ರೌನಿನ ಮೇಲೆ ಅಂಜಿನಕ್ಕ ಬೆನ್ನು ಹಾಕಿ ಗೋಣಿತಟ್ಟು ಎಳೆಯುತ್ತಿದ್ದಳು. ಸುತ್ತು ಸುತ್ತಾಗಿ, ಕುಳಿಯಿಂದ ಹೊರಗಿನ ಅಂಚಿಗೆ, ಆಟಗಾರರ ಹೆಜ್ಜೆಗಳನ್ನು ನಯವಾಗಿ ಅಳಿಸುತ್ತ. ಗೀತಾಂಜಲಿ ಚೆಂಡನ್ನೂ ನೋಡಿದಳು, ಅಂಜಿನಕ್ಕನ ತಲೆಯ ಮೇಲಿನ ಸೆರಗನ್ನೂ ನೋಡಿದಳು, ಅವೆರಡರ ನಡುವೆ ಕಡಿಮೆಯಾಗುತ್ತಿರುವ ಬಯಲನ್ನೂ ನೋಡಿದಳು. ಬಾಯಿ ತೆರೆಯಿತು. ಒಳಗೆ ಯಾರೋ ಬಾಗಿಲಿಗೆ ಬೆನ್ನು ಕೊಟ್ಟು ಕೂತಂತಿತ್ತು. ಬಲಗೈ ತಾನಾಗಿ ಮೇಲೆದ್ದು ಅಲುಗಿತು. ಕರ್ಚೀಫು ಸಡಿಲಾಗಿ ಬಳೆಗಳು ಝಲ್ಲೆಂದವು. ಅಂಜಿನಕ್ಕ ಕೂತಳು. ಬಿದ್ದಂತಲ್ಲ, ಸಂತೆಯಲ್ಲಿ ದಣಿದವರು ಕೂತಂತೆ. ಅವಳು ಕೂತ ಮೇಲೆ ಪೆಟ್ಟಿನ ಸದ್ದು ಇವರನ್ನು ಮುಟ್ಟಿತು.

ಮೈದಾನದಲ್ಲಿ ಓಡಬಾರದು. ಅವರು ಓಡಲಿಲ್ಲ. ಸರಸರ ನಡೆದರು. ಆರನೆಯ ಕಟ್ಟೆಯಿಂದ ಮೂರನೆಯ ಬ್ರೌನಿಗೆ ನೆಟ್ಟಗೆ ಹೋಗಬೇಕೆಂದರೆ ನಡುವಿನ ಐದನೆಯ ಬ್ರೌನನ್ನು ತುಳಿಯಬೇಕು. ಅದನ್ನು ಆಗತಾನೇ ಎಳೆದು ನಯ ಮಾಡಲಾಗಿತ್ತು. ಗೀತಾಂಜಲಿ ಅದರ ಅಂಚು ಹಿಡಿದು ಸುತ್ತಿ ಹೋದಳು. ಒಬ್ಬ ಹೆಂಗಸು ಕಿವಿ ಹಿಡಿದುಕೊಂಡು ನೆಲದ ಮೇಲೆ ಕೂತಿರುವಾಗಲೂ ತನ್ನ ಕಾಲು ಸಾರಿಸಿದ ನೆಲವನ್ನು ತಪ್ಪಿಸಿ ಗೋಡೆ ಹಿಡಿದು ಹೋಯಿತು ಎಂಬುದು ಅವಳಿಗೆ ಮಂಗಳವಾರ, ತೊಗರಿಬೇಳೆ ಆರಿಸುತ್ತ ಕೂತಾಗ ಹೊಳೆದು, ಬೇಳೆಯ ಮೊರವನ್ನು ಪಕ್ಕಕ್ಕಿಟ್ಟುಬಿಟ್ಟಿದ್ದಳು. ಕ್ರಾಂತಿ ಮೊದಲು ತಲುಪಿದ್ದ. ಹರಪನಹಳ್ಳಿಯ ಪಶುವೈದ್ಯ, ನಾಲ್ವರಲ್ಲಿ ಚಿಕ್ಕವನು, ಎಲ್ಲದಕ್ಕೂ ಒಂದು ತಮಾಷೆ ಇಟ್ಟುಕೊಂಡವನು. "ನಾ ದನದ ಡಾಕ್ಟ್ರು ಖರೆ, ಆದ್ರೂ ತಲಿ ತಲೀನ ಅಲ್ಲೇನು, ತೋರ್ಸು" ಎಂದು ಸೆರಗು ಸರಿಸಿ ನೋಡಿದ. ಕಿವಿಯ ಹಿಂದೆ ಲಿಂಬೆಯಷ್ಟು ಊದುತ್ತಿತ್ತು. "ಏನಾಗಿಲ್ಲ ಬಿಡ್ರಿ," ಎಂದಳು ಅಂಜಿನಕ್ಕ. "ಕುರಿ ಕಾಯಾರು ಯಾರರ ಕಲ್ಲು ಒಗದ್ರೇನ ಅಂದ್ಕಂಡೆ." ಗುರುಬಸವರಾಜರು ಟೊಪ್ಪಿಗೆ ತೆಗೆದು ಎಲ್ಲರನ್ನೂ ನೋಡಿದರು. "ಯಾರೂ ಕೂಗ್ಲಿಲ್ಲೇನ್ರಿ?" ಗಾಳಿ ಬೀಸುತ್ತಿತ್ತು. ಗೀತಾಂಜಲಿಯ ನಾಲಿಗೆ ಮೇಲೇಳುವಷ್ಟರಲ್ಲಿ ಪ್ರವೀಣಕುಮಾರ್ ಹೇಳಿದ: "ಕೂಗಿದ್ಲಲ್ಲ. ನಾ ಕೇಳೀನಿ." ಕ್ರಾಂತಿ ತಲೆ ಎತ್ತದೆ, "ನನಗೂ ಏನೋ ಕೇಳ್ದಂಗಾತು" ಎಂದ. "ಹಂಗಾರ ಆಟಗಾರ್ರ ತಪ್ಪೇನಿಲ್ಲ," ಎಂದು ಗುರುಬಸವರಾಜರು ಟೊಪ್ಪಿಗೆ ಹಾಕಿಕೊಂಡರು. ಆಗ ಎಲ್ಲರೂ ಅಂಜಿನಕ್ಕನ ಕಡೆ ತಿರುಗಿದರು. ಅಷ್ಟು ಹೊತ್ತು ನೋವಿಗೆ ಹಿಡಿದಿದ್ದ ಕೈಯನ್ನು ಅವಳು ಈಗ ಮುಚ್ಚಿಕೊಳ್ಳುವವಳಂತೆ ಕಿವಿಗೆ ಒತ್ತಿದಳು. "ಕೂಗಿದ್ರಾ? ನನಗ ಕೇಳ್ಸಲೇ ಇಲ್ಲ ನೋಡ್ರಿ," ಎಂದಳು, ಅತಿಥಿಗಳ ಮುಂದೆ ಹಾಲು ಚೆಲ್ಲಿದವಳ ದನಿಯಲ್ಲಿ.

ಗುರುವಾರ ಅಂಜಿನಕ್ಕ ಕೊಟ್ಟೂರಿನ ತರಕಾರಿ ಸಾಲಿನಲ್ಲಿ ಸಿಕ್ಕಿದ್ದಳು. ಸಿಕ್ಕಳೋ, ಸಿಗಲೆಂದೇ ಗೀತಾಂಜಲಿ ಆ ದಾರಿಯಲ್ಲಿ ಹೋದಳೋ. ಬದನೆಕಾಯಿ ಮಾರುವವಳು ಏನೋ ಅಂದದ್ದಕ್ಕೆ ಅಂಜಿನಕ್ಕ "ಆಂ?" ಎಂದು ಒಂದು ಪಕ್ಕಕ್ಕೆ ಬಾಗಿ, ಕಿವಿಯನ್ನು ಮುಂದಕ್ಕೆ ಚಾಚಿದ್ದಳು. ಹೋದ ವಾರದವರೆಗೆ ಇಲ್ಲದ ಭಂಗಿ. ಗೀತಾಂಜಲಿಯನ್ನು ಕಂಡು ನಕ್ಕಳು. "ಕಿವಿ ಹೋಗ್ಯಾವ್ರೆಮ್ಮ. ನಮ್ಮವ್ವಗೂ ಹಿಂಗ ಆಗಿತ್ತು, ತೆಲಿಗಿ ಊರಾಗ ಇದ್ದಾಗ, ಬಸ್ಸಿನ ಹಾರ್ನ ಕೇಳ್ತಿದ್ದಿಲ್ಲ ಆಕಿಗೆ. ಮನ್ಯಾಗ ಸೊಸಿ ಮೆತ್ತಗ ಏನರ ಅಂದ್ರ ನನಗ ಬೈದ್ಲು ಅಂತ ತಿಳಕಂತೀನಿ. ನಿನ್ನೆ ಅದ ಜಗಳ." ಸ್ವಲ್ಪ ತಡೆದು, ಗುಟ್ಟು ಹೇಳುವಂತೆ, "ಮೊದ್ಲು ಕೋಳಿ ಕೂಗಿದ್ದು ಕೇಳಿ ಏಳ್ತಿದ್ದೆ. ಈಗ ಅದು ಕೂಗಾಕ ಮೊದ್ಲ ಎದ್ದು ಕುಂತಿರ್ತೀನಿ. ಇವತ್ತು ಕೇಳ್ಸತೈತೋ ಇಲ್ಲೋ ಅಂತ." "ಕೇಳಿಸ್ತಾ?" "ಕೇಳಿಸ್ತು. ಆದ್ರ ಖರೇನ ಕೂಗ್ತೋ, ನನಗ ಹಂಗ ಅನ್ನಿಸ್ತೋ ಯಾರಿಗ್ಗೊತ್ತು." ಗೀತಾಂಜಲಿಗೆ ಸುತ್ತಲಿನ ಸಾಲೆಲ್ಲ, ತಕ್ಕಡಿಗಳು, ಕೊತ್ತಂಬರಿಯ ಸಿವುಡುಗಳು, ನೀರಿನೊಳಗಿನ ಚಿತ್ರದಂತೆ ಅಲುಗಿದವು. ಈಗ ಹೇಳಬೇಕು. ಅವಳು ಮಾತನ್ನು ಆರಿಸಿದಳು, ಜೋಡಿಸಿದಳು, ತುಟಿಯ ತನಕ ತಂದಳು. "ಅಂಜಿನಕ್ಕ, ಅವತ್ತು ನಾನು..." ಎಂದಳು. ಅವಳ ದನಿ ಎಂದಿನಂತೆ, ದೇವರ ಮನೆಯಲ್ಲಿ ಮಾತಾಡುವವರ ದನಿ. ಅಂಜಿನಕ್ಕನ ಮುಖದಲ್ಲಿ ಭಯ ಕಂಡಿತು. ಬಾಗಿ ಹತ್ತಿರ ಬಂದಳು. "ಆಂ? ಏನಂದ್ರಿ? ನೋಡ್ರಿ, ಇಷ್ಟು ಮಗ್ಗುಲ್ದಾಗ ನಿಂತು ಮಾತಾಡಿದ್ರೂ ಕೇಳ್ಸಂಗಿಲ್ಲ." ಗೀತಾಂಜಲಿ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. "ನೋವು ಇಳೀತಾ ಅಂದೆ," ಎಂದಳು, ಈ ಸಲ ಸ್ವಲ್ಪ ಗಟ್ಟಿಯಾಗಿ. ಮನೆಗೆ ಬರುವಾಗ ದಾರಿಯುದ್ದಕ್ಕೂ ತಾನು ಆ ಹೆಂಗಸಿನ ಕಿವಿಯನ್ನು ಎರಡನೆಯ ಸಲ ಹೊಡೆದೆ ಅನ್ನಿಸುತ್ತಿತ್ತು. ಈ ಸಲ ಯಾವ ಚೆಂಡೂ ಇಲ್ಲದೆ.

ಇವತ್ತು ಆಟ ಐದನೆಯ ಬ್ರೌನಿಗೆ ಬರುವಷ್ಟರಲ್ಲಿ ಬಿಸಿಲು ಹಳದಿಯಾಗಿ ಗಾಳಿಯಂತ್ರಗಳ ನೆರಳು ಗುಡ್ಡ ಇಳಿದು ಬಯಲಿಗೆ ಬಂದಿತ್ತು. ರೆಕ್ಕೆಯ ನೆರಳು ಎಣ್ಣೆಮರಳಿನ ಮೇಲೆ ಹಾದು ಹೋಗುವುದು, ಸ್ವಲ್ಪ ತಡೆದು ಇನ್ನೊಂದು ಬರುವುದು. ಯಾರ ಚೆಂಡಿನ ದಾರಿ, ಯಾರ ಸರದಿ ಎಂಬ ಗೊಡವೆ ಅದಕ್ಕಿಲ್ಲ. ಗೀತಾಂಜಲಿ ತನ್ನ ನೆರಳನ್ನು ಮಾತ್ರ ಜೋಪಾನವಾಗಿ ಹಿಂದಕ್ಕೆಳೆದುಕೊಂಡು ನಿಂತಿದ್ದಳು. ಅವಳ ಚೆಂಡು ಕುಳಿಯ ಹತ್ತಿರವಿತ್ತು. "ಬಿಟ್ವಿ ಅಕ್ಕಾರ, ತಗೊಳ್ರಿ," ಎಂದ ಕ್ರಾಂತಿ. ಅವಳು ಬಗ್ಗಿ ಎತ್ತಿಕೊಂಡಳು. ಪ್ರವೀಣಕುಮಾರನ ಚೆಂಡು ಆಚೆ ಅಂಚಿನಲ್ಲಿತ್ತು. ಅವನು ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಮರಳಿನ ಇಳಿಜಾರನ್ನು ಅಂದಾಜು ಮಾಡುತ್ತಿದ್ದ. ಆಗ ಗುರುಬಸವರಾಜರು, ಯಾವುದೋ ಸಣ್ಣ ಸುದ್ದಿಯಂತೆ ಹೇಳಿದರು: "ಮುಂದಿನ ವಾರದಿಂದ ಎರ್ರೆಪ್ಪ ಬರ್ತಾನ ಮರಳೆಳಿಯಾಕ. ಅಂಜಿನಕ್ಕಗ ಹೇಳೀನಿ. ಕಿವಿ ಕೇಳದಾರನ್ನ ಮೈದಾನದಾಗ ಬಿಟ್ರ ನಾಳೆ ಏನರ ಆದ್ರ ಯಾರ ಜವಾಬ್ದಾರಿ?" ಅಂಜಿನಕ್ಕ ಅಲ್ಲೇ ಬೇವಿನ ಗಿಡದ ಕೆಳಗೆ ಗೋಣಿತಟ್ಟು ಮಡಿಸಿಕೊಂಡು ನಿಂತಿದ್ದಳು. ಪೂರ್ತಿ ಕೇಳಿಸಿತ್ತು ಅವಳಿಗೆ. "ಸಾಹೇಬ್ರ, ಈ ಮರಳು ಹಾಕ್ದಾಗಿಂದ ನಾನ ಎಳದೀನ್ರಿ," ಎಂದಳು. "ಯಾವ ಕುಣ್ಯಾಗ ಯಾವ ಕಡಿ ಇಳುಕ್ಲು ಐತಿ ನನಗ ಗೊತ್ತು. ಎರ್ರೆಪ್ಪ ಕುಡದು ಬಂದು ಇಲ್ಲೇ ಮಕ್ಕಂತಾನ ನೋಡ್ರಿ, ನಿಮ್ಮ ಚೆಂಡು ಅವನ ಬಾಯಾಗ ಹೋಗ್ತೈತಿ." ಕ್ರಾಂತಿ ಗಟ್ಟಿಯಾಗಿ ನಕ್ಕ. "ಹಂಗ ಸುಮ್ನ ಬಿಡಿಸಬ್ಯಾಡ್ರಿ ಸರ್. ಒಂದು ಪರೀಕ್ಷಿ ಮಾಡೂಣು. ನಾವು ದನಕ್ಕೂ ಮಾಡ್ತೀವಿ."

ಗುರುಬಸವರಾಜರಿಗೆ ಅದು ನ್ಯಾಯವೆನಿಸಿತು. ನ್ಯಾಯವೆನಿಸಿದಾಗ ಅವರ ಬೆನ್ನು ನೆಟ್ಟಗಾಗುತ್ತಿತ್ತು. "ಅಂಜಿನಕ್ಕ, ನೀ ಅವತ್ತು ನಿಂತಲ್ಲೇ ಹೋಗಿ ನಿಂದ್ರು. ಬೆನ್ನು ಈ ಕಡಿ. ತಿರುಗಿ ನೋಡಂಗಿಲ್ಲ. ಕೇಳಿಸ್ತಂದ್ರ ಕೈ ಎತ್ತು. ಗೀತಮ್ಮ, ನೀವು ಅವತ್ತು ಎಲ್ಲಿ ನಿಂತು ಕೂಗಿದ್ರೋ ಅಲ್ಲೇ ನಿಂತು, ಹೆಂಗ ಕೂಗಿದ್ರೋ ಹಂಗ ಕೂಗ್ರಿ. ಹೆಚ್ಚೂ ಬ್ಯಾಡ, ಕಡಿಮೀನೂ ಬ್ಯಾಡ. ಆಕಿ ಕೈ ಎತ್ತಿದ್ರ ಆಕೀನ ಇರ್ಲಿ." "ಎತ್ತಿದ್ರ ಎರ್ರೆಪ್ಪ ಬರಂಗಿಲ್ಲ ಅಲ್ರಿ?" ಎಂದು ಅಂಜಿನಕ್ಕ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ನಡೆದಳು. ದೂರ ಹೋಗುತ್ತ ಹೋಗುತ್ತ ಚಿಕ್ಕವಳಾದಳು. ಮೂರನೆಯ ಬ್ರೌನಿನ ನಡುವೆ ನಿಂತು, ಬೆನ್ನು ಹಾಕಿ, ತಲೆಯ ಸೆರಗನ್ನು ಕೆಳಗಿಳಿಸಿ ಎರಡೂ ಕಿವಿಗಳ ಹಿಂದಕ್ಕೆ ಸಿಕ್ಕಿಸಿಕೊಂಡಳು. ಕಿವಿಯನ್ನು ಆದಷ್ಟು ಬಯಲಿಗೆ ತೆರೆದಿಟ್ಟಂತೆ. ಆ ಒಂದು ಚಲನೆ ಇಷ್ಟು ದೂರದಿಂದಲೂ ಗೀತಾಂಜಲಿಗೆ ಕಂಡಿತು. ಗೋಡೆಗೆ ಮುಖ ಮಾಡಿ ನಿಲ್ಲಿಸಿದ ಶಾಲೆಯ ಹುಡುಗಿಯಂತೆ ಕಂಡಿತು.

ಆರನೆಯ ಕಟ್ಟೆಯ ಮೇಲೆ ನಿಂತಾಗ ಅವಳಿಗೆ ಎಲ್ಲವೂ ಸುಲಭವಾಗಿತ್ತು. ಒಂದು ಕೂಗು. ಒಂದೇ ಒಂದು. ಅಂಜಿನಕ್ಕನ ಕೈ ಏಳುತ್ತದೆ, ಎರ್ರೆಪ್ಪ ಬರುವುದಿಲ್ಲ, ಎಲ್ಲರೂ ನಗುತ್ತ ಆರನೆಯ ಕುಳಿಗೆ ಹೋಗುತ್ತಾರೆ. ಆಟ ಮುಗಿದ ಮೇಲೆ ಗುರುಬಸವರಾಜರ ಮನೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ. ಆದರೆ ಇವತ್ತಿನ ಕೂಗು ಹಿಂದಕ್ಕೆ ಹೋಗಿ ಹೋದ ಭಾನುವಾರದ ಖಾಲಿ ಜಾಗದಲ್ಲಿ ಕೂತುಬಿಡುತ್ತದೆ. ಅವತ್ತು ಕೂಗಿದ್ದೆ ಎಂಬುದು ನಿಜವಾಗುತ್ತದೆ. ಅಂಜಿನಕ್ಕ ಇನ್ನು ಸಾಯುವ ತನಕ ಕೋಳಿಗಿಂತ ಮೊದಲು ಎದ್ದು ಕೂತು, ಒಮ್ಮೆ ಕೈಕೊಟ್ಟ ಕಿವಿ ಯಾವಾಗ ಮತ್ತೆ ಕೈಕೊಡುತ್ತದೋ ಎಂದು ಕಾಯುತ್ತಾಳೆ. ಹೆಂಗ ಕೂಗಿದ್ರೋ ಹಂಗ ಕೂಗ್ರಿ. ಹೆಚ್ಚೂ ಬ್ಯಾಡ, ಕಡಿಮೀನೂ ಬ್ಯಾಡ. ಗೀತಾಂಜಲಿ ಬಾಯಿ ತೆರೆದಳು. ಗಾಳಿ ಬಂದು ಹಲ್ಲಿಗೆ ತಣ್ಣಗೆ ತಾಗಿತು. ರೆಕ್ಕೆಯ ನೆರಳು ಒಂದು ಹೋಯಿತು, ಇನ್ನೊಂದು ಬಂತು. ಬಲಗೈ ಎದ್ದು ಅಲುಗಿತು. ಕರ್ಚೀಫಿನೊಳಗೆ ಬಳೆಗಳು ಸಣ್ಣಗೆ ಝಲ್ಲೆಂದವು. ಪಕ್ಕದಲ್ಲಿ ನಿಂತಿದ್ದ ಪ್ರವೀಣಕುಮಾರ್, ಆ ಸದ್ದಿಗೆ, ಅಭ್ಯಾಸದಂತೆ, "ಹೂಂ?" ಎಂದು ತಿರುಗಿದ. ಅವಳು ಅವನ ಮುಖ ನೋಡಿದಳು. ಕೇಳಿಸಿತ್ತು ಅವನಿಗೆ. ಅವತ್ತೂ ಕೇಳಿಸಿತ್ತು. ಅವನು ಸುಳ್ಳು ಹೇಳಿರಲಿಲ್ಲ. ಇಷ್ಟು ವರ್ಷ ಅವಳ ದನಿ ಎಂದು ಅವನು ತಿಳಿದದ್ದು ಅದನ್ನೇ.

"ಕೂಗ್ರಿ ಗೀತಮ್ಮ," ಎಂದರು ಗುರುಬಸವರಾಜರು.

"ಕೂಗಿದೆ."

"ಯಾವಾಗ?"

"ಈಗ. ಅವತ್ತು ಕೂಗಿದ್ದೂ ಇಷ್ಟೇ ರೀ."

ಪ್ರವೀಣಕುಮಾರ್ ಅವಳ ಕೈಯನ್ನು, ಕರ್ಚೀಫನ್ನು, ಮತ್ತೆ ಅವಳ ಮುಖವನ್ನು ನೋಡಿದ. ಯಾರಾದರೂ ಏನಾದರೂ ಅನ್ನುವ ಮೊದಲು, ಅಲ್ಲಿ ದೂರದಲ್ಲಿ, ಬೆನ್ನು ಹಾಕಿ ನಿಂತಿದ್ದ ಅಂಜಿನಕ್ಕನ ಬಲಗೈ ಮೇಲೆದ್ದಿತು. ಮೊದಲು ಭುಜದ ತನಕ, ಅನುಮಾನಿಸುತ್ತ. ಆಮೇಲೆ ಪೂರ್ತಿ, ನೆಟ್ಟಗೆ, ಬೆರಳುಗಳನ್ನು ಬಿಡಿಸಿ. "ಕೇಳಿಸ್ತ್ರೀ!" ಎಂಬ ದನಿ ಗಾಳಿಯಲ್ಲಿ ತೇಲಿ ಬಂತು. ಕೈ ಇಳಿಯಲಿಲ್ಲ. ಯಾರೂ ಕರೆಯದ ಹಾಜರಿಗೆ ಎದ್ದ ಕೈ. ಗುರುಬಸವರಾಜರು ನಿಟ್ಟುಸಿರು ಬಿಟ್ಟರು. "ಅಯ್ಯ ಪಾಪ. ಇಲ್ಲದ್ದೂ ಕೇಳ್ಸಾಕ ಹತ್ತೈತಿ ಆಕಿಗೆ. ಎರ್ರೆಪ್ಪಗ ಹೇಳಿದ್ದ ಚಲೋ ಆತು." ಗೀತಾಂಜಲಿ ಆ ಕೈಯನ್ನೇ ನೋಡುತ್ತಿದ್ದಳು. ತನ್ನ ಸತ್ಯವನ್ನು ಅಷ್ಟು ಜೋಪಾನವಾಗಿ, ಅಷ್ಟು ಸಭ್ಯವಾಗಿ ಇಲ್ಲಿ ಇಟ್ಟಿದ್ದಳು. ಅದರ ಪೆಟ್ಟೂ ಅಲ್ಲಿಗೇ ಹೋಗಿ ಬಿತ್ತು. ಒಳಗೆ ಬಾಗಿಲಿಗೆ ಬೆನ್ನು ಕೊಟ್ಟು ಕೂತವರು ಯಾರೋ, ಅಜ್ಜಿಯೋ, ಕಲ್ಲಿನ ಮೂರ್ತಿಯೋ, ಅವಳೇ ಏನೋ, ಎದ್ದು ಸರಿದಂತಾಯಿತು.

"ಅಂಜಿನಕ್ಕಾ! ಕೈ ಇಳಸಾ! ನಾ ಕೂಗಿಲ್ಲಾ! ಅವತ್ತೂ ಕೂಗಿಲ್ಲಾ!"

ಆ ದನಿ ಯಾರದೆಂದು ಅವಳೇ ಸುತ್ತ ನೋಡಿದಳು. ಒರಟಾಗಿತ್ತು, ನಡುವೆ ಒಡೆದಿತ್ತು, ಹೊಲದಾಚೆಯಿಂದ ದನ ಹೊಡೆಯುವವರ ದನಿಯ ಹಾಗಿತ್ತು. ಜಾಲಿಯ ಕೆಳಗೆ ಮೇಯುತ್ತಿದ್ದ ಕುರಿಗಳು ಒಟ್ಟಿಗೆ ತಲೆ ಎತ್ತಿದವು. ಗುಡ್ಡಕ್ಕೆ ಹೋಗಿ ಬಡಿದು, ಕೋಗಳಿಯ ಬಸದಿಯ ಗೋಡೆಗಳಂತೆ, ಗುಡ್ಡ ಅದನ್ನು ವಾಪಸು ಕೊಟ್ಟಿತು: ಕೂಗಿಲ್ಲಾ. ಈ ಸಲ ಅವಳು ಓಡಿಹೋಗಲಿಲ್ಲ. ದೂರದಲ್ಲಿ ಕೈ ಇಳಿಯಿತು. ಅಂಜಿನಕ್ಕ ತಿರುಗಿದಳು. ಇಳಿದ ಕೈ ಮೆಲ್ಲಗೆ ಕಿವಿಯ ಹತ್ತಿರ ಹೋಗಿ, ಅದನ್ನು ಮುಟ್ಟಿ, ಅಲ್ಲಿಂದ ಸೊಂಟಕ್ಕೆ ಬಂತು.

"ಅಷ್ಟ್ಯಾಕ ಒದರ್ತೀರ್ರೆಮ್ಮಾ?" ಎಂದು ಅವಳು ಅಲ್ಲಿಂದಲೇ ಕೂಗಿದಳು. "ನಾನೇನು ಕಿವುಡಿ ಅದೀನೇನು?"

ಗೀತಾಂಜಲಿ ಕಟ್ಟೆಯಿಂದ ಇಳಿದಳು. ಕರ್ಚೀಫು ಎಲ್ಲೋ ಜಾರಿ ಬಿದ್ದು ಬಳೆಗಳು ಮಣಿಕಟ್ಟಿಗೆ ಬಂದಿದ್ದವು, ಹೆಜ್ಜೆಗೊಮ್ಮೆ ಸದ್ದು ಮಾಡುತ್ತಿದ್ದವು. ಮೂರನೆಯ ಬ್ರೌನಿಗೆ ಹೋಗುವ ನೆಟ್ಟ ದಾರಿ ಐದನೆಯದರ ಮೇಲೆ ಹಾದಿತ್ತು. ಅಲ್ಲಿ ಅಂಚಿನಲ್ಲಿ ಗಂಡನ ಚೆಂಡು ಇನ್ನೂ ಸರದಿಗಾಗಿ ಕಾಯುತ್ತಿತ್ತು. "ಲೇ, ಲೇ, ಸುತ್ತ ಹೋಗಲೇ, ನಂದು ಬಾಕಿ ಐತಿ!" ಎಂದು ಹಿಂದಿನಿಂದ ಪ್ರವೀಣಕುಮಾರನ ದನಿ ಬಂತು. ಅವಳಿಗೆ ಕೇಳಿಸಿತು. ಅವಳು ಮರಳಿಗೆ ಕಾಲಿಟ್ಟಳು. ಎಣ್ಣೆ ಕುಡಿದ ಮರಳು ಮೆತ್ತಗಿತ್ತು. ಹಿಮ್ಮಡಿ ಆಳಕ್ಕೆ ಇಳಿಯುತ್ತಿತ್ತು. ಚೆಂಡಿಗೂ ಕುಳಿಗೂ ನಡುವೆ, ಒಂದರ ಹಿಂದೆ ಒಂದು, ಅವಳ ಹೆಜ್ಜೆಗಳು ಬಿದ್ದವು. ರೆಕ್ಕೆಯ ನೆರಳು ಅವುಗಳ ಮೇಲೆ ಹಾದು ಹೋಯಿತು, ಮತ್ತೆ ಬಂದು ಮತ್ತೆ ಹಾದು ಹೋಯಿತು. ಹೆಜ್ಜೆಗಳು ಅಲ್ಲೇ ಇದ್ದವು.